ಮನೆಯ ಕೋಳಿಗಳ ಹೆಚ್ಚುವರಿ ಮೊಟ್ಟೆ: ಬೆಲೆ ಕಟ್ಟುವ, ಮಾರುವ ಕ್ರಮ

ಹತ್ತು ಹನ್ನೆರಡು ಹೇಂಟೆಗಳನ್ನು ಸಾಕಿಕೊಂಡಿರುವ ಮನೆಯಲ್ಲಿ ಮೊಟ್ಟೆಯ ಬೆಲೆ ಸಾಮಾನ್ಯವಾಗಿ ಎರಡೇ ರೀತಿಯಲ್ಲಿ ನಿಗದಿಯಾಗುತ್ತದೆ. ಒಂದೋ ಅಂಗಡಿಯ ದರ ವಿಚಾರಿಸಿ ಅದಕ್ಕಿಂತ ತುಸು ಕಡಿಮೆ ಹೇಳುತ್ತೇವೆ, ಇಲ್ಲವೇ ಮೊದಲು ಕೇಳಿಕೊಂಡು ಬಂದವರು ಕೊಟ್ಟಷ್ಟನ್ನೇ ದರವೆಂದು ಒಪ್ಪಿಕೊಂಡುಬಿಡುತ್ತೇವೆ. ಎರಡೂ ನಷ್ಟದ ದಾರಿಯೇ. ಅಂಗಡಿಯ ಮೊಟ್ಟೆ ಬರುವುದು ವರ್ಷಕ್ಕೆ 300ರ ಆಸುಪಾಸು ಮೊಟ್ಟೆಯಿಡುವ ಹೈಬ್ರಿಡ್ ತಳಿಗಳನ್ನು ಸಾಕಿ, ಟನ್‌ಗಟ್ಟಲೆ ಫೀಡ್ ತರಿಸುವ ಫಾರಂಗಳಿಂದ. ಒಂದೊಂದೇ ಚೀಲ ಕೊಂಡು ತರುವ ನಾವು ಆ ದರಕ್ಕೆ ಸರಿಗಟ್ಟಲು ಹೊರಟರೆ, ಕೊಳ್ಳುವವರ ಮನೆಗೆ ನಮ್ಮ ಕೈಯಿಂದಲೇ ಹಣ ಹಾಕಿ ಮೊಟ್ಟೆ ಹಂಚಿದಂತಾಗುತ್ತದೆ. ಆದ್ದರಿಂದ ಬೆಲೆಯನ್ನು ಮೊದಲು ಹಣದಲ್ಲಿ ಯೋಚಿಸದೆ ಫೀಡಿನ ಕಿಲೋಗಳಲ್ಲಿ, ಅದೂ ಇಡೀ ವರ್ಷದ ಲೆಕ್ಕದಲ್ಲಿ ಯೋಚಿಸುವುದು ಒಳ್ಳೆಯದು.

ಮೊಟ್ಟೆಯಿಡುವ ಕೋಳಿಯೊಂದು ದಿನಕ್ಕೆ 100ರಿಂದ 120 ಗ್ರಾಂ ಆಹಾರ ತಿನ್ನುತ್ತದೆ. ಹನ್ನೆರಡು ಹೇಂಟೆಗಳಿವೆ, ಒಂದೊಂದೂ 115 ಗ್ರಾಂ ತಿನ್ನುತ್ತದೆ ಎಂದಿಟ್ಟುಕೊಂಡರೆ ದಿನಕ್ಕೆ 1.38 ಕಿಲೋ, ವರ್ಷಕ್ಕೆ ಸುಮಾರು 504 ಕಿಲೋ ಫೀಡ್ ಬೇಕು. ಅವು ತಲಾ 220ರಂತೆ ವರ್ಷಕ್ಕೆ 2,640 ಮೊಟ್ಟೆ, ಅಂದರೆ 220 ಡಜನ್ ಕೊಟ್ಟವು ಎನ್ನೋಣ. ಒಂದು ಡಜನ್ ಮೊಟ್ಟೆಯ ಹಿಂದೆ ಸುಮಾರು 2.3 ಕಿಲೋ ಫೀಡ್ ಇದೆ ಎಂದಾಯಿತು. ಇಲ್ಲಿ ಭಾಗಿಸಬೇಕಾದದ್ದು ಮಾರಿದ ಮೊಟ್ಟೆಗಳಿಂದಲ್ಲ, ಇಟ್ಟ ಒಟ್ಟು ಮೊಟ್ಟೆಗಳಿಂದ. ಮನೆಯವರು ತಿಂದದ್ದನ್ನು ಲೆಕ್ಕದಿಂದ ಬಿಟ್ಟರೆ ಆ ಖರ್ಚೂ ಗಿರಾಕಿಯ ತಲೆಯ ಮೇಲೆ ಹೋಗಿ, ಬೆಲೆ ವಿನಾಕಾರಣ ಏರುತ್ತದೆ.

ವರ್ಷದ ಲೆಕ್ಕವೇ ಏಕೆ ಬೇಕೆಂದರೆ, ತಿಂಗಳ ಲೆಕ್ಕ ಕಣ್ಣು ಕಟ್ಟುತ್ತದೆ. ಹನ್ನೆರಡು ಹೇಂಟೆಗಳು ದಿನಕ್ಕೆ ಹತ್ತು ಮೊಟ್ಟೆಯಿಡುವ ಭರದ ದಿನಗಳಲ್ಲಿ ಒಂದು ಡಜನ್‌ಗೆ ತಗಲುವುದು 1.7 ಕಿಲೋಗಿಂತ ಕಡಿಮೆ ಫೀಡ್. ಅವೇ ಹೇಂಟೆಗಳು ಹಗಲು ಕಿರಿದಾಗಿ, ಗರಿ ಉದುರಿಸಿಕೊಂಡು, ದಿನಕ್ಕೆ ಮೂರು ಮೊಟ್ಟೆಗೆ ಇಳಿದಾಗ ಒಂದು ಡಜನ್ ಕೂಡಲು ನಾಲ್ಕು ದಿನ ಹಿಡಿಯುತ್ತದೆ; ಆ ನಾಲ್ಕು ದಿನಗಳಲ್ಲಿ ಅವು 5.5 ಕಿಲೋ ತಿಂದಿರುತ್ತವೆ. ಮೊಟ್ಟೆ ನಿಂತಿತೆಂದು ಹೊಟ್ಟೆ ನಿಲ್ಲುವುದಿಲ್ಲವಲ್ಲ. ಭರದ ತಿಂಗಳ ಲೆಕ್ಕ ನೋಡಿ ಬೆಲೆ ಕಟ್ಟಿದವರು ಈ ದಿನಗಳಲ್ಲಿ ಕೋಳಿ ಸಾಕಣೆಯನ್ನೇ ಬೈಯತೊಡಗುತ್ತಾರೆ, ಆದರೆ ತಪ್ಪು ಕೋಳಿಗಳದ್ದಲ್ಲ.

ಫೀಡ್ ಒಂದೇ ಖರ್ಚಲ್ಲ. ಮರಿಯೊಂದು ಮೊಟ್ಟೆಗೆ ಬರಲು ಸುಮಾರು ಐದು ತಿಂಗಳು ಬೇಕು, ಅಷ್ಟರಲ್ಲಿ ಅದು ಏಳೆಂಟು ಕಿಲೋ ತಿಂದು ಮುಗಿಸಿರುತ್ತದೆ. ಗೂಡಿನ ಹಾಸು, ಔಷಧ, ಟ್ರೇ, ಒಡೆದು ಹೋಗುವ ಮೊಟ್ಟೆ, ಇಲಿಗಳು ತಿಂದು ಹೋಗುವ ಕಾಳು, ಇವೆಲ್ಲ ಸಣ್ಣ ಸಣ್ಣ ಬಾಬ್ತುಗಳಾದರೂ ಸೇರಿದಾಗ ಸಣ್ಣವಲ್ಲ. ಇವನ್ನೆಲ್ಲ ಬಿಡಿಬಿಡಿಯಾಗಿ ಬರೆಯುವ ತಾಳ್ಮೆ ಇರುವವರು ಬರೆಯಬಹುದು. ಇಲ್ಲದವರಿಗೆ ಒಂದು ಒಳದಾರಿ ಇದೆ: ಮೊಟ್ಟೆ ಉತ್ಪಾದನೆಯ ವೆಚ್ಚದಲ್ಲಿ ಶೇಕಡಾ 60ರಿಂದ 70ರಷ್ಟು ಆಹಾರಕ್ಕೇ ಹೋಗುತ್ತದೆ ಎಂಬುದು ಈ ಕಸುಬಿನಲ್ಲಿ ಎಲ್ಲರೂ ಒಪ್ಪಿರುವ ಅಂದಾಜು. 2.3 ಕಿಲೋವನ್ನು ಒಟ್ಟು ವೆಚ್ಚದ ಶೇಕಡಾ 65 ಎಂದು ಹಿಡಿದರೆ ಪೂರ್ತಿ ವೆಚ್ಚ 3.5 ಕಿಲೋ ಫೀಡಿನ ಬೆಲೆಗೆ ಬಂದು ನಿಲ್ಲುತ್ತದೆ. ಇದು ಒಂದು ಡಜನ್‌ನ ಕನಿಷ್ಠ ದರ. ಇದರಲ್ಲಿ ನಮ್ಮ ದುಡಿಮೆಗೆ ಬಿಡಿಗಾಸೂ ಸೇರಿಲ್ಲ. ದುಡಿಮೆಗೆಂದು ನಾನು ಅರ್ಧ ಕಿಲೋ ಫೀಡಿನ ಬೆಲೆಯನ್ನು ಸೇರಿಸಿ ನಾಲ್ಕು ಕಿಲೋ ಎಂದು ಲೆಕ್ಕ ಮುಗಿಸುತ್ತೇನೆ. ಈ ಕ್ರಮದ ಅನುಕೂಲವೆಂದರೆ, ಫೀಡಿನ ದರ ಏರಿದಾಗ ಮೊಟ್ಟೆಯ ದರ ಎಷ್ಟು ಏರಬೇಕೆಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಗಿರಾಕಿಗೆ ಕಾರಣ ಹೇಳುವುದೂ ಸುಲಭ. ಏರಿಸುವ ವಿಷಯವನ್ನು ಒಂದು ತಿಂಗಳು ಮೊದಲೇ ತಿಳಿಸಿದರೆ ಮುಖ ಸಿಂಡರಿಸುವವರು ಕಡಿಮೆ.

ಹೊಸದಾಗಿ ಮೊಟ್ಟೆಗೆ ಬಂದ ಎಳೆಯ ಹೇಂಟೆಗಳ ಮೊಟ್ಟೆಗಳನ್ನು ಮಾತ್ರ ಬೇರೆ ಇಡಬೇಕು. 42 ಗ್ರಾಂ ತೂಗುವ ಹನ್ನೆರಡು ಮೊಟ್ಟೆಗಳು 504 ಗ್ರಾಂ ಆದರೆ, 58 ಗ್ರಾಂನವು 696 ಗ್ರಾಂ ಆಗುತ್ತವೆ. ಕಾಲು ಭಾಗಕ್ಕಿಂತಲೂ ಹೆಚ್ಚಿನ ಈ ಅಂತರವನ್ನು ಕಂಡೂ ಒಂದೇ ಬೆಲೆ ಹೇಳಿದರೆ ಗಿರಾಕಿ ಬಾಯಿಬಿಟ್ಟು ಹೇಳದಿದ್ದರೂ ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಚೌಕಾಸಿಯ ವಿಷಯದಲ್ಲಿ ನನ್ನ ನಿಲುವು ಸ್ವಲ್ಪ ಬಿಗಿ: ಪರಿಚಯದವರೆಂದು ಅರ್ಧ ಬೆಲೆಗೆ ಕೊಡುವುದಕ್ಕಿಂತ ಪೂರ್ತಿ ಉಚಿತವಾಗಿ ಕೊಡುವುದು ಮೇಲು. ಉಚಿತವಾಗಿ ಕೊಟ್ಟದ್ದು ಕಾಣಿಕೆಯಾಗಿ ಉಳಿಯುತ್ತದೆ. ಅರ್ಧ ಬೆಲೆ ಮಾತ್ರ ವಾರದೊಳಗೆ ನಿಮ್ಮ ಖಾಯಂ ದರವಾಗಿ ಸುತ್ತಮುತ್ತ ಹರಡಿರುತ್ತದೆ. ದರ ಇಳಿಸುವ ಬದಲು ಹದಿಮೂರನೆಯ ಮೊಟ್ಟೆಯನ್ನು ಕೊಸರಾಗಿ ಕೊಟ್ಟರೆ ಕೊಂಡವರಿಗೂ ಸಂತೋಷ, ದರಕ್ಕೂ ಧಕ್ಕೆಯಿಲ್ಲ.

ಎಷ್ಟು ಮಾರಬಹುದು ಎಂಬ ಪ್ರಶ್ನೆಯಲ್ಲಿ ಹೆಚ್ಚಿನವರು ಎಡವುತ್ತಾರೆ. ಮನೆಗೆ ವಾರಕ್ಕೆ 20 ಮೊಟ್ಟೆ ಬೇಕೆಂದಾದರೆ ದಿನಕ್ಕೆ ಹತ್ತು ಬರುವಾಗ ವಾರಕ್ಕೆ 50 ಮಿಗುತ್ತವೆ, ನಾಲ್ಕು ಮನೆಗಳಿಗೆ ಮಾತು ಕೊಟ್ಟುಬಿಡುತ್ತೇವೆ. ದಿನಕ್ಕೆ ಮೂರಕ್ಕೆ ಇಳಿದಾಗ ವಾರಕ್ಕೆ 21. ಮಿಗುವುದು ಒಂದೇ ಒಂದು. ಆದ್ದರಿಂದ ಖಾಯಂ ಗಿರಾಕಿಗಳಿಗೆ ಮಾತು ಕೊಡುವಾಗ ವರ್ಷದ ಸರಾಸರಿಗಿಂತ ಸ್ವಲ್ಪ ಕೆಳಗೇ ನಿಲ್ಲಬೇಕು. ಮೇಲಿನ ಲೆಕ್ಕದಲ್ಲಿ ವಾರದ ಸರಾಸರಿ 50, ಮನೆಯದು ಕಳೆದರೆ 30. ಎರಡು ಡಜನ್‌ಗೆ ಮಾತ್ರ ಮಾತು ಕೊಟ್ಟು, ಉಳಿದದ್ದನ್ನು ಇದ್ದಾಗ ಹೇಳುತ್ತೇವೆ ಎಂದಿಟ್ಟುಕೊಳ್ಳುವುದು ಸರಿ. ಆ ಎರಡು ಡಜನ್‌ನವರಿಗೂ ಗರಿ ಉದುರುವ ಎರಡು ಮೂರು ತಿಂಗಳು ಕೊರತೆ ಬರುತ್ತದೆ ಎಂದು ಮೊದಲ ದಿನವೇ ಹೇಳಿರಬೇಕು. ಪ್ರತಿ ವರ್ಷ ನಾಲ್ಕಾರು ಮರಿಗಳನ್ನು ಹೊಸದಾಗಿ ಸೇರಿಸುತ್ತ ಹೋದರೆ ಈ ಕೊರತೆ ಬಹುಮಟ್ಟಿಗೆ ತಗ್ಗುತ್ತದೆ, ಏಕೆಂದರೆ ಎಳೆಯ ಹೇಂಟೆಗಳು ಸಾಮಾನ್ಯವಾಗಿ ಮೊದಲ ವರ್ಷ ಪೂರ್ತಿ ಗರಿ ಉದುರಿಸದೆ ಮೊಟ್ಟೆಯಿಡುತ್ತಲೇ ಇರುತ್ತವೆ.

ಇನ್ನು ಮೊಟ್ಟೆಯ ಶುಚಿತ್ವ. ಹೆಚ್ಚು ಬೆಲೆ ಕೇಳುವವನು ಹೊಲಸು ಮೊಟ್ಟೆ ಕೊಡಲಾಗದು. ದಿನಕ್ಕೆ ಎರಡು ಬಾರಿ ಮೊಟ್ಟೆ ತೆಗೆದು, ಗೂಡಿನ ಹಾಸನ್ನು ಒಣಗಿದ್ದಂತೆ ನೋಡಿಕೊಂಡರೆ ತೊಳೆಯುವ ಪ್ರಮೇಯವೇ ಅಪರೂಪ. ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿರುತ್ತವೆ, ಅವುಗಳನ್ನು ಮುಚ್ಚುವ ತೆಳುವಾದ ಪೊರೆಯನ್ನು ಹೊತ್ತುಕೊಂಡೇ ಮೊಟ್ಟೆ ಹೊರಬರುತ್ತದೆ. ತೊಳೆದರೆ ಆ ಪೊರೆ ಹೋಗುತ್ತದೆ. ಒಣಗಿದ ಹಿಕ್ಕೆಯನ್ನು ಒರಟು ಬಟ್ಟೆಯಿಂದ ಉಜ್ಜಿ ತೆಗೆಯಬಹುದು. ತೊಳೆಯಲೇಬೇಕಾದರೆ ಮೊಟ್ಟೆಗಿಂತ ಬೆಚ್ಚಗಿರುವ ನೀರಿನಲ್ಲಿ, ನೆನೆಯಲು ಬಿಡದೆ ತೊಳೆದು, ಒಣಗಿಸಿ, ತಕ್ಷಣ ಫ್ರಿಜ್‌ನಲ್ಲಿಡಬೇಕು. ತಣ್ಣೀರು ತಾಗಿದರೆ ಒಳಗಿನದು ಕುಗ್ಗಿ ಹೊರಗಿನ ಕೊಳೆಯನ್ನು ರಂಧ್ರಗಳ ಮೂಲಕ ಒಳಗೆ ಎಳೆದುಕೊಳ್ಳುತ್ತದೆ. ಒಮ್ಮೆ ಫ್ರಿಜ್‌ಗೆ ಹೋದ ಮೊಟ್ಟೆ ಗಿರಾಕಿಯ ಮನೆಯಲ್ಲೂ ಫ್ರಿಜ್‌ನಲ್ಲೇ ಇರಬೇಕೆಂದು ಹೇಳಿ ಕಳುಹಿಸಿ. ಕೆಲವು ದೇಶಗಳ ಕಾನೂನು ಮಾರುವ ಮೊಟ್ಟೆಯನ್ನು ತೊಳೆಯಲೇಬೇಕು ಎನ್ನುತ್ತದೆ, ಇನ್ನು ಕೆಲವೆಡೆ ತೊಳೆಯಲೇಬಾರದು ಎನ್ನುತ್ತದೆ. ಎಷ್ಟು ಕೋಳಿಗಳವರೆಗೆ ಪರವಾನಗಿ ಬೇಡ ಎಂಬುದೂ ಒಂದೊಂದು ಕಡೆ ಒಂದೊಂದು ರೀತಿ. ಮೊದಲ ಟ್ರೇ ಮಾರುವ ಮುನ್ನ ನಿಮ್ಮಲ್ಲಿನ ನಿಯಮವನ್ನು ವಿಚಾರಿಸಿಕೊಳ್ಳಿ.

ಮಾರುವ ಮೊಟ್ಟೆಗಳನ್ನೆಲ್ಲ ರಾತ್ರಿ ದೀಪ ಆರಿಸಿ ಒಮ್ಮೆ ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ಮಾಡಿಕೊಳ್ಳಿ. ಸಣ್ಣ ಟಾರ್ಚ್‌ನ ಬಾಯಿಗೆ ಮೊಟ್ಟೆಯ ದಪ್ಪ ತುದಿಯನ್ನು ಒತ್ತಿ ಹಿಡಿದರೆ ಮೊಟ್ಟೆ ಕೆಂಡದ ಬಣ್ಣಕ್ಕೆ ತಿರುಗಿ ಒಳಗೆಲ್ಲ ಹೊಳೆಯುತ್ತದೆ. ತುದಿಯಲ್ಲಿ ಕಾಣುವ ಗಾಳಿಯ ಗುಳ್ಳೆ ತಾಜಾ ಮೊಟ್ಟೆಯಲ್ಲಿ ಕೆಲವೇ ಮಿಲಿಮೀಟರ್ ಆಳವಿರುತ್ತದೆ, ದಿನ ಕಳೆದಂತೆ ತೇವ ಆರಿ ಅದು ಹಿಗ್ಗುತ್ತದೆ. ನಿಧಾನವಾಗಿ ತಿರುಗಿಸಿದರೆ ಕೂದಲೆಳೆಯಂಥ ಬಿರುಕುಗಳು ಬೆಳ್ಳಿ ಗೆರೆಗಳಾಗಿ ಎದ್ದು ಕಾಣುತ್ತವೆ. ಹಗಲಿನಲ್ಲಿ ಅವು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಬಿರುಕು ಬಿಟ್ಟದ್ದು ಮಾರಾಟಕ್ಕಲ್ಲ. ಗಾಢ ಕಂದು ಚಿಪ್ಪಿನ ಮೊಟ್ಟೆಗೆ ಇನ್ನಷ್ಟು ಪ್ರಖರವಾದ ಬೆಳಕು ಬೇಕು.

ನೋಡಿ ಮುಗಿಸಿದವನ್ನು ಚೂಪು ತುದಿ ಕೆಳಗಾಗುವಂತೆ ಹೊಸ ಟ್ರೇಯಲ್ಲಿ ಜೋಡಿಸಿ, ಇಟ್ಟ ದಿನಾಂಕವನ್ನು ಪೆನ್ಸಿಲ್‌ನಿಂದ ಬರೆದಿಡಿ. ಚಿಪ್ಪಿನ ಬಣ್ಣ ತಳಿಯಿಂದ, ಹಳದಿಯ ಬಣ್ಣ ಆಹಾರದಿಂದ ಬರುತ್ತದೆಯೇ ಹೊರತು ತಾಜಾತನದಿಂದಲ್ಲ. ಬಣ್ಣ ತೋರಿಸಿ ಗುಣ ಹೇಳಿ ಮಾರುವುದು ಬೇಡ. ‘ಸಾವಯವ’ ಎಂಬ ಮಾತನ್ನು ಪ್ರಮಾಣಪತ್ರವಿಲ್ಲದೆ ಬಳಸುವುದು ಹಲವೆಡೆ ಕಾನೂನಿಗೇ ವಿರುದ್ಧ. ಕೋಳಿಗಳಿಗೆ ಔಷಧ ಕೊಟ್ಟಿದ್ದರೆ ಪಶುವೈದ್ಯರು ಹೇಳಿದಷ್ಟು ದಿನ ಮೊಟ್ಟೆ ಮಾರಲೇಬಾರದು. ಹಳದಿ ಭಾಗ ಒಂದು ವಾರಕ್ಕೂ ಮಿಕ್ಕಿ ಪದರ ಪದರವಾಗಿ ಬೆಳೆಯುವುದರಿಂದ, ಔಷಧ ನಿಲ್ಲಿಸಿದ ಮೇಲೂ ಅದರ ಅಂಶ ಮೊಟ್ಟೆಯಲ್ಲಿ ಉಳಿದಿರಬಹುದು.

ಒಂದು ಸಲ ಸೌದೆ ರಾಶಿಯ ಹಿಂದೆ ಹೇಂಟೆಯೊಂದು ಗುಟ್ಟಾಗಿ ಇಟ್ಟಿದ್ದ ಒಂಬತ್ತು ಮೊಟ್ಟೆಗಳು ಸಿಕ್ಕಾಗ, ನೀರಿನಲ್ಲಿ ಮುಳುಗಿದವೆಂಬ ಧೈರ್ಯದಿಂದ ಅವನ್ನೂ ಟ್ರೇಗೆ ಸೇರಿಸಿಬಿಟ್ಟೆ. ಎರಡು ದಿನ ಬಿಟ್ಟು ಗಿರಾಕಿ ಖಾಲಿ ಟ್ರೇ ಹಿಂದಿರುಗಿಸಿ, ಒಂದು ಕೆಟ್ಟಿತ್ತು ಎಂದಷ್ಟೇ ಹೇಳಿದರು, ಜಗಳವಾಡಲಿಲ್ಲ. ಮುಳುಗುವ ಮೊಟ್ಟೆ ಒಳಗಿನ ತೇವ ಆರಿಲ್ಲವೆಂದು ಹೇಳುತ್ತದೆ, ಅದರೊಳಗೆ ರೋಗಾಣುವಿಲ್ಲವೆಂದು ಹೇಳುವುದಿಲ್ಲ. ಪೂರ್ತಿ ಡಜನ್‌ನ ಹಣ ಹಿಂದಿರುಗಿಸಿ ಹೊಸ ಡಜನ್ ಕೊಟ್ಟು ಕಳುಹಿಸಿದೆ. ಇಟ್ಟ ದಿನ ಗೊತ್ತಿಲ್ಲದ ಮೊಟ್ಟೆ ಅಂದಿನಿಂದ ನನ್ನ ಟ್ರೇಗೆ ಹೋಗಿಲ್ಲ.