ಆಮಿಶ್ ಊಟ ಸಪ್ಪೆ ಅನ್ನುವ ಮುಂಚೆ: ಲ್ಯಾಂಕಾಸ್ಟರ್ ಕಡೆ ಹೊಸದಾಗಿ ಬಂದವರಿಗೆ

ಪೆನ್ಸಿಲ್ವೇನಿಯಾದ ಈ ಭಾಗಕ್ಕೆ, ಅಂದರೆ ಲ್ಯಾಂಕಾಸ್ಟರ್, ಹ್ಯಾರಿಸ್‌ಬರ್ಗ್, ಎಕ್ಸ್‌ಟನ್ ಸುತ್ತಮುತ್ತ ಬಂದಿಳಿದ ನಮ್ಮವರ ಕಣ್ಣಿಗೆ ಮೊದಲು ಬೀಳುವುದು ಆಮಿಶರ, ಅಂದರೆ ಹಳೆಯ ಕಾಲದ ಹಾಗೆ ಬದುಕುವ ಕ್ರೈಸ್ತ ಪಂಗಡದವರ ಕುದುರೆಗಾಡಿ. ಆಮೇಲೆ ಬಫೆ ಊಟ. ತಟ್ಟೆ ತುಂಬಾ ಮ್ಯಾಶ್ಡ್ ಪೊಟೇಟೊ, ನೂಡಲ್ಸ್ ಹಾಕಿಕೊಂಡು ತಿಂದು, "ಏನ್ರೀ ಇದು, ಉಪ್ಪಿಲ್ಲ ಖಾರ ಇಲ್ಲ" ಅಂತ ಮುಖ ಸಿಂಡರಿಸಿಕೊಂಡು ಬರುತ್ತಾರೆ. ಪಕ್ಕದಲ್ಲಿದ್ದ ಬೀಟ್‌ರೂಟ್ ಉಪ್ಪಿನಕಾಯಿ, ಹುಳಿ ಹಾಕಿದ ಕೋಸು, ಚೌಚೌ (ಬಗೆಬಗೆ ತರಕಾರಿಯ ಹುಳಿಸಿಹಿ) ಬಟ್ಟಲುಗಳನ್ನು ಮುಟ್ಟಿಯೇ ಇರುವುದಿಲ್ಲ. ಈ ಊಟದ ರುಚಿ ಇರುವುದೇ ಆ ಜೋಡಿಯಲ್ಲಿ. ಒಂದು ತುತ್ತು ಮೆತ್ತಗಿನ ಬೆಣ್ಣೆಯದ್ದು, ಒಂದು ಚಮಚ ಹುಳಿಸಿಹಿ. ಬರೀ ಒಂದನ್ನೇ ತಿಂದರೆ ಯಾರಿಗಾದರೂ ಸಪ್ಪೆಯೇ.

ಹಾಗಾಗಿ ಒಂದು ಸಲ ಮನೆಯಲ್ಲೇ ಮಾಡಿ ನೋಡಿ ಅಂತ ಹೊಸಬರಿಗೆಲ್ಲ ಹೇಳುತ್ತಿರುತ್ತೇನೆ. ಮನೆಯಲ್ಲಾದರೆ ಏನು ಹಾಕಿದೆ, ಏನು ಹಾಕಿಲ್ಲ ಅಂತ ನಮಗೇ ಗೊತ್ತಿರುತ್ತದೆ. ಸಸ್ಯಾಹಾರಿಗಳಿಗೆ ಇದು ದೊಡ್ಡ ವಿಷಯ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಇವರ ಬಗ್ಗೆ ಎರಡು ಮಾತು. 1693ರಲ್ಲಿ ಯಾಕೋಬ್ ಅಮ್ಮಾನ್ ಅನ್ನುವವರು ಸ್ವಿಟ್ಜರ್ಲೆಂಡ್, ಅಲ್ಸೇಸ್ ಕಡೆಯ ತಮ್ಮ ಕ್ರೈಸ್ತ ಪಂಗಡದಿಂದ ಬೇರೆಯಾದರು. ಅವರ ಹಿಂದೆ ಹೋದವರೇ ಆಮಿಶರು. 18ನೇ ಶತಮಾನದಲ್ಲಿ ಪೆನ್ಸಿಲ್ವೇನಿಯಾಕ್ಕೆ ಬಂದು ಹೊಲ ಮಾಡಿಕೊಂಡರು. ಆದರೆ "ಆಮಿಶ್ ಊಟ" ಅಂತ ಬೋರ್ಡ್ ಹಾಕಿ ಮಾರುವುದೆಲ್ಲ ಅವರೊಬ್ಬರದೇ ಅಲ್ಲ. ಅದೇ ಕಾಲಕ್ಕೆ ಇಲ್ಲಿಗೆ ಬಂದ ಮೆನೊನೈಟರು, ಲೂಥರನ್ನರು, ಬೇರೆ ಜರ್ಮನ್ ಮನೆತನದವರು ಎಲ್ಲರೂ ಉಣ್ಣುವ ಊಟ ಇದು. ಹೊಲದಲ್ಲಿ ದುಡಿದು ಚಳಿಗೆ ನಡುಗುತ್ತಾ ಮನೆಗೆ ಬಂದವರ ಊಟ. ಮೈದಾ, ಬೆಣ್ಣೆ, ಆಲೂಗಡ್ಡೆ, ಕೋಳಿ, ಕೋಸು, ವಿನೆಗರ್, ಮೊಲಾಸಿಸ್ ಅಂದರೆ ಕಾಕಂಬಿ. ಇಷ್ಟರಲ್ಲೇ ಎಲ್ಲ ಮುಗಿಯುತ್ತದೆ.

ಸಾಮಾನಿಗೆ ಶನಿವಾರ ಹೋಗಿ. ಭಾನುವಾರ ಆಮಿಶರ ಅಂಗಡಿ ತೆರೆಯುವುದಿಲ್ಲ. ಅಷ್ಟು ದೂರ ಡ್ರೈವ್ ಮಾಡಿ ಮುಚ್ಚಿದ ಬಾಗಿಲು ನೋಡಿ ವಾಪಸ್ ಬರುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ. ಲ್ಯಾಂಕಾಸ್ಟರ್ ಪೇಟೆಯ ನಡುವೆ ಸೆಂಟ್ರಲ್ ಮಾರ್ಕೆಟ್ ಇದೆ. 1889ರಲ್ಲಿ ಕಟ್ಟಿದ ಕೆಂಪು ಇಟ್ಟಿಗೆಯ ಕಟ್ಟಡ. ಮಂಗಳವಾರ, ಶುಕ್ರವಾರ, ಶನಿವಾರ ಮಾತ್ರ ನಡೆಯುತ್ತದೆ. ಬೆಳಿಗ್ಗೆ ಬೇಗ ಹೋದರೆ ಒಳ್ಳೆಯದು, ಸಾಯಂಕಾಲಕ್ಕೆ ಅಲ್ಲಿ ಏನೂ ಇರುವುದಿಲ್ಲ. ಫಿಲಡೆಲ್ಫಿಯಾದಲ್ಲಿ ಇರುವವರು ಇಷ್ಟು ದೂರ ಬರಬೇಕಿಲ್ಲ. 1893ರಿಂದ ಇರುವ ರೀಡಿಂಗ್ ಟರ್ಮಿನಲ್ ಮಾರ್ಕೆಟ್‌ನಲ್ಲೇ ಈ ಕಡೆಯವರ ಅಂಗಡಿಗಳಿವೆ. ಭಾನುವಾರ ಮಾರ್ಕೆಟ್ ತೆರೆದಿದ್ದರೂ ಇವರ ಅಂಗಡಿ ಮುಚ್ಚಿರುತ್ತದೆ, ಅದು ಬೇರೆ ವಿಷಯ. ಹೊಲದ ಪಕ್ಕದ ಸಣ್ಣ ಅಂಗಡಿಗಳಿಗೆ ಹೋಗುವುದಾದರೆ ಜೇಬಿನಲ್ಲಿ ಚಿಲ್ಲರೆ ನೋಟು ಇರಲಿ.

ದಾರಿಯಲ್ಲಿ ಕುದುರೆಗಾಡಿ ಸಿಕ್ಕರೆ ಹಾರ್ನ್ ಹೊಡೆಯಬೇಡಿ, ಕುದುರೆ ಬೆದರುತ್ತದೆ. ಎದುರಿನ ರಸ್ತೆ ಖಾಲಿ ಇದ್ದಾಗ ಜಾಗ ಬಿಟ್ಟು ನಿಧಾನವಾಗಿ ದಾಟಿ. ಅಂಗಡಿಯಲ್ಲಿ ಕೂತ ಹೆಣ್ಣುಮಕ್ಕಳ, ಮಕ್ಕಳ ಫೋಟೊ ತೆಗೆಯಬೇಡಿ. ಮುಖ ಕಾಣುವ ಹಾಗೆ ಫೋಟೊಗೆ ನಿಲ್ಲುವುದು ಅವರಿಗೆ ಒಪ್ಪಿಗೆ ಇಲ್ಲ. ಊರಿಂದ ಅಪ್ಪ ಅಮ್ಮ ಬಂದಾಗ ಇದನ್ನು ಕಾರಿನಲ್ಲೇ ಹೇಳಿಬಿಡಿ. ಅಲ್ಲಿ ಹೋದ ಮೇಲೆ ಹೇಳಿದರೆ ಕೇಳುವುದಿಲ್ಲ, ಅಲ್ವಾ?

ಈಗ ಸಸ್ಯಾಹಾರಿಗಳ ವಿಷಯ. ಇಲ್ಲಿ ಮಾಂಸ ಅಡಗಿ ಕೂತಿರುತ್ತದೆ. ಹಸಿರು ಬೀನ್ಸ್ ಪಲ್ಯದ ಥರ ಕಾಣುತ್ತದೆ, ಒಳಗೆ ಹ್ಯಾಮ್ ಹಾಕಿ ಬೇಯಿಸಿರುತ್ತಾರೆ. ಬೇಕ್ಡ್ ಬೀನ್ಸ್‌ನಲ್ಲಿ ಬೇಕನ್ ಇರಬಹುದು. ನೂಡಲ್ಸ್‌ನಲ್ಲಿ ಮೊಟ್ಟೆ ಖಂಡಿತ, ಬೇಯಿಸಿದ್ದು ಕೋಳಿ ಸಾರಿನಲ್ಲಿ ಇರಬಹುದು. ಪೈಗಳ ಹೊರಗಿನ ಹಿಟ್ಟಿಗೆ ಎಷ್ಟೋ ಕಡೆ ಲಾರ್ಡ್, ಅಂದರೆ ಹಂದಿ ಕೊಬ್ಬು ಹಾಕುತ್ತಾರೆ. ಇವರು ಚರ್ಚ್ ಊಟಕ್ಕೆ ಬ್ರೆಡ್ ಮೇಲೆ ಸವರಿಕೊಳ್ಳುವ ಸಿಹಿ ಕಡಲೆಕಾಯಿ ಬೆಣ್ಣೆಯಲ್ಲಿ ಮಾರ್ಶ್‌ಮೆಲೋ ಕ್ರೀಮ್ ಇರುತ್ತದೆ, ಅದಕ್ಕೆ ಮೊಟ್ಟೆಯ ಬಿಳಿ ಬಿದ್ದಿರುತ್ತದೆ. ಆ್ಯಪಲ್ ಬಟರ್ ಮಾತ್ರ ಧೈರ್ಯವಾಗಿ ತನ್ನಿ. ಹೆಸರಿಗೆ ಬಟರ್, ಒಳಗೆ ಇರುವುದು ಗಂಟೆಗಟ್ಟಲೆ ಕುದಿಸಿ ಗಟ್ಟಿ ಮಾಡಿದ ಸೇಬು, ದಾಲ್ಚಿನ್ನಿ, ಲವಂಗ. ಅನುಮಾನ ಬಂದರೆ ಮಾರುವವರನ್ನೇ ಕೇಳಿ. "ಲಾರ್ಡ್ ಇದೆಯಾ?" ಅಂತ ಬಿಡಿಸಿ ಕೇಳಬೇಕು. "ವೆಜಿಟೇರಿಯನ್ನಾ?" ಅಂದರೆ ಮಾಂಸದ ತುಂಡು ಇಲ್ಲ ಅನ್ನುವ ಅರ್ಥದಲ್ಲಿ ಹೌದು ಅಂದುಬಿಡುತ್ತಾರೆ.

ಅಡುಗೆ ಶುರು ಮಾಡಬೇಕಾದದ್ದು ಹುಳಿಸಿಹಿ ಬಟ್ಟಲುಗಳಿಂದ, ಅದೂ ಎರಡು ದಿನ ಮುಂಚೆ. ಮೊಟ್ಟೆ ತಿನ್ನುವವರು ಬೀಟ್‌ರೂಟ್ ಮೊಟ್ಟೆ ಮಾಡಿ. ಮೂರ್ನಾಲ್ಕು ಬೀಟ್‌ರೂಟ್ ಬೇಯಿಸಿ, ಸಿಪ್ಪೆ ತೆಗೆದು ಬಿಲ್ಲೆ ಮಾಡಿ. ಬೇಯಿಸಿದ ಕೆಂಪು ನೀರು ಒಂದು ಕಪ್, ಸೈಡರ್ ವಿನೆಗರ್ ಒಂದು ಕಪ್, ಸಕ್ಕರೆ ಅರ್ಧ ಕಪ್, ಉಪ್ಪು ಒಂದು ಚಮಚ, ನಾಲ್ಕು ಲವಂಗ, ಒಂದು ಚಿಕ್ಕ ಚೂರು ದಾಲ್ಚಿನ್ನಿ ಸೇರಿಸಿ ಕುದಿಸಿ. ಬೇಯಿಸಿ ಸುಲಿದ ಆರು ಮೊಟ್ಟೆ, ಬೀಟ್‌ರೂಟ್ ಬಿಲ್ಲೆಗಳ ಮೇಲೆ ಸುರಿದು, ಗಾಜಿನ ಜಾಡಿಯಲ್ಲಿ ಮುಚ್ಚಿ ಫ್ರಿಜ್‌ನಲ್ಲಿ ಇಡಿ. ನಮ್ಮ ಉಪ್ಪಿನಕಾಯಿ ಜಾಡಿಯ ಹಾಗೆ ಇದನ್ನು ಹೊರಗೆ ಇಡುವಂತಿಲ್ಲ, ಹೊಟ್ಟೆಗೆ ಅಪಾಯ. ಎರಡನೇ ದಿನ ಕೊಯ್ದರೆ ಹೊರಗೆ ನೇರಳೆ, ನಡುವೆ ಬಿಳಿ, ಒಳಗೆ ಹಳದಿ. ಮಕ್ಕಳು ಇದಕ್ಕಾಗಿಯೇ ಊಟಕ್ಕೆ ಬರುತ್ತಾರೆ.

ಮೊಟ್ಟೆ ಬೇಡದವರಿಗೆ ಪೆಪ್ಪರ್ ಕ್ಯಾಬೇಜ್. ಅರ್ಧ ಕೋಸು, ಒಂದು ಹಸಿರು ದೊಣ್ಣೆ ಮೆಣಸಿನಕಾಯಿ, ಎರಡನ್ನೂ ಸಣ್ಣಗೆ ಕೊಚ್ಚಿ. ಅರ್ಧ ಕಪ್ ವಿನೆಗರ್, ಕಾಲು ಕಪ್ ನೀರು, ಅರ್ಧ ಕಪ್ ಸಕ್ಕರೆ, ಉಪ್ಪು, ಸ್ವಲ್ಪ ಸೆಲರಿ ಬೀಜ. ಕಲಸಿ ಒಂದು ರಾತ್ರಿ ಬಿಡಿ. ಸಕ್ಕರೆ ಜಾಸ್ತಿ ಅನ್ನಿಸಿದರೆ ಕಡಿಮೆ ಮಾಡಿ, ಆದರೆ ಪೂರ್ತಿ ಬಿಡಬೇಡಿ. ಸಾಸಿವೆ ಒಗ್ಗರಣೆಗೆ ಕೈ ಹೋಗುತ್ತದೆ, ತಡೆಯಿರಿ. ಅದನ್ನು ಹಾಕಿದರೆ ನಮ್ಮ ಊಟವೇ ಆಗಿಬಿಡುತ್ತದೆ, ಅದನ್ನು ಮಾಡಲು ಇಷ್ಟೆಲ್ಲಾ ಯಾಕೆ? ಚೌಚೌ ಮನೆಯಲ್ಲಿ ಮಾಡುವುದು ಸುಮ್ನೆ ತಾಪತ್ರಯ. ಬೀನ್ಸ್, ಹೂಕೋಸು, ಕ್ಯಾರೆಟ್, ಜೋಳದ ಕಾಳು ಎಲ್ಲ ಹಾಕಿದ ಹುಳಿಸಿಹಿ ಅದು. ಒಂದು ಬಾಟಲಿ ಕೊಂಡು ತನ್ನಿ.

ಊಟದ ನಡುವಿನ ಅಡುಗೆ ಬಾಟ್ ಬಾಯ್. ಇಂಗ್ಲಿಷ್‌ನಲ್ಲಿ ಪಾಟ್ ಪೈ ಅಂತಲೇ ಬರೆದಿರುತ್ತಾರೆ, ಆದರೆ ಸೂಪರ್ ಮಾರ್ಕೆಟ್‌ನ ಫ್ರೀಜರ್‌ನಲ್ಲಿ ಸಿಗುವ ಮುಚ್ಚಳದ ಪೈ ಇದಲ್ಲ. ಓವನ್ನೇ ಬೇಡ. ಕೋಳಿ ಸಾರಿನಲ್ಲಿ ಆಲೂಗಡ್ಡೆ ಜೊತೆ ಅಗಲವಾದ ಚೌಕ ಹಿಟ್ಟಿನ ತುಂಡುಗಳು ಬೇಯುತ್ತವೆ, ಅಷ್ಟೇ. ಆರು ಜನಕ್ಕೆ ಒಂದು ಇಡೀ ಕೋಳಿ ಸಾಕು. ಚರ್ಮ, ಮೂಳೆ ಸಮೇತ ದೊಡ್ಡ ಪಾತ್ರೆಗೆ ಹಾಕಿ, ಮುಳುಗುವಷ್ಟು ನೀರು, ಒಂದು ಈರುಳ್ಳಿ, ನಾಲ್ಕು ದಂಟು ಸೆಲರಿ, ಉಪ್ಪು, ಕಾಳುಮೆಣಸು. ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ. ಕುಕ್ಕರ್‌ನಲ್ಲಿ ಕೂಗಿಸಿದರೂ ಕೋಳಿ ಬೇಯುತ್ತದೆ, ಆದರೆ ನಿಧಾನಕ್ಕೆ ಬಿಟ್ಟ ಸಾರು ತಿಳಿಯಾಗಿರುತ್ತದೆ. ಕೋಳಿ ಹೊರಗೆ ತೆಗೆದು ಮಾಂಸ ಬಿಡಿಸಿಟ್ಟುಕೊಳ್ಳಿ. ಸಾರು ಸೋಸಿ, ಎರಡು ಎಸಳು ಜಾಸ್ತಿಯೇ ಇರಲಿ ಅಂತ ಒಂದು ಚಿಟಿಕೆ ಕೇಸರಿ ಹಾಕಿ. ಹೌದು, ಕೇಸರಿಯೇ. ಲ್ಯಾಂಕಾಸ್ಟರ್, ಲೆಬನನ್ ಕೌಂಟಿಗಳ ಜರ್ಮನ್ ಮನೆತನದವರು ಹಿತ್ತಲಲ್ಲೇ ಕೇಸರಿ ಬೆಳೆಯುತ್ತಿದ್ದರು, ಈಗಲೂ ಅಲ್ಲೊಬ್ಬರು ಇಲ್ಲೊಬ್ಬರು ಬೆಳೆಯುತ್ತಾರೆ. ಕೇಸರಿಭಾತಿಗೆ ಅಂತ ನೀವು ಊರಿಂದ ತಂದಿಟ್ಟ ಡಬ್ಬಿ ಇಲ್ಲಿ ಕೆಲಸಕ್ಕೆ ಬರುತ್ತದೆ.

ಹಿಟ್ಟಿಗೆ ಎರಡು ಕಪ್ ಮೈದಾ, ಅರ್ಧ ಚಮಚ ಉಪ್ಪು, ಎರಡು ದೊಡ್ಡ ಚಮಚ ಬೆಣ್ಣೆ. ಬೆರಳಲ್ಲಿ ಉಜ್ಜಿ ಪುಡಿಪುಡಿ ಮಾಡಿ, ಒಂದು ಮೊಟ್ಟೆ, ಬೇಕಾದಷ್ಟು ನೀರು ಸೇರಿಸಿ ಗಟ್ಟಿಯಾಗಿ ಕಲಸಿ. ಅರ್ಧ ಗಂಟೆ ನೆನೆಯಲಿ. ಲಟ್ಟಿಸುವುದರಲ್ಲಿ ನಮಗೆ ಯಾರೂ ಪಾಠ ಹೇಳಬೇಕಿಲ್ಲ. ಚಪಾತಿಗಿಂತ ಒಂಚೂರು ದಪ್ಪ ಇರಲಿ, ಎರಡು ಅಂಗುಲದ ಚೌಕ ಕತ್ತರಿಸಿ. ಸಾರಿಗೆ ಆಲೂಗಡ್ಡೆ ಹೋಳು, ಕ್ಯಾರೆಟ್ ಹಾಕಿ ಅರ್ಧ ಬೆಂದ ಮೇಲೆ ಚೌಕಗಳನ್ನು ಒಂದೊಂದಾಗಿ ಬಿಡಿ. ಸಾರು ಕೊತಕೊತ ಕುದಿಯುತ್ತಿರಬೇಕು. ಒಟ್ಟಿಗೆ ಸುರಿದರೆ ಅಂಟಿಕೊಂಡು ಮುದ್ದೆಯಾಗುತ್ತವೆ. ಒಂದು ಬಿಟ್ಟು, ಅದು ಮೇಲೆ ಬಂದು ಪಕ್ಕಕ್ಕೆ ಸರಿದ ಮೇಲೆ ಇನ್ನೊಂದು. ಹಿಟ್ಟಿನ ಮೇಲೆ ಉಳಿದ ಒಣ ಮೈದಾದಿಂದಲೇ ಸಾರು ತಾನಾಗಿ ಗಟ್ಟಿಯಾಗುತ್ತದೆ. ಮುಚ್ಚಿ ಹದಿನೈದು ನಿಮಿಷ. ಕೊನೆಗೆ ಕೋಳಿ, ಹೆಚ್ಚಿದ ಪಾರ್ಸ್ಲಿ. ಕೊತ್ತಂಬರಿ ಸೊಪ್ಪು ಬೇಡ.

ಸಸ್ಯಾಹಾರಿ ಮನೆಯಲ್ಲಿ ಕೋಳಿ ಬದಲು ಅಣಬೆ, ಈರುಳ್ಳಿಯನ್ನು ಬೆಣ್ಣೆಯಲ್ಲಿ ಚೆನ್ನಾಗಿ ಕೆಂಪಗೆ ಹುರಿದು, ಸೆಲರಿ, ಕ್ಯಾರೆಟ್, ಕಾಳು ಬಿಡಿಸಿದ ಮೇಲೆ ಉಳಿದ ಜೋಳದ ದಿಂಡು ಹಾಕಿ ಸಾರು ತೆಗೆಯಿರಿ. ಬರೀ ತರಕಾರಿ ಬೇಯಿಸಿದರೆ ಸಾರು ನೀರು ನೀರಾಗುತ್ತದೆ, ಆ ಹುರಿಯುವುದನ್ನು ಬಿಡಬೇಡಿ. ಹಿಟ್ಟಿಗೆ ಮೊಟ್ಟೆ ಬಿಟ್ಟು ಬಿಸಿನೀರಲ್ಲಿ ಕಲಸಿ. ಮಾಂಸದ ಜಾಗಕ್ಕೆ ಲೈಮಾ ಬೀನ್ಸ್. ಫ್ರೋಜನ್ ಚೀಲದಲ್ಲಿ ಸಿಗುವ ಅದು ಬೇರೆ ಏನೂ ಅಲ್ಲ, ನಮ್ಮ ಡಬಲ್ ಬೀನ್ಸೇ. ಇಲ್ಲಿಯವರು ಅದನ್ನು ಜೋಳದ ಕಾಳಿನ ಜೊತೆ ಮೊದಲಿಂದಲೂ ತಿನ್ನುತ್ತಾರೆ, ಹಾಗಾಗಿ ಹೊರಗಿನದನ್ನು ತುರುಕಿದ ಹಾಗೆ ಆಗುವುದಿಲ್ಲ.

ಪಕ್ಕಕ್ಕೆ ಮ್ಯಾಶ್ಡ್ ಪೊಟೇಟೊ, ಅದರ ಮೇಲೆ ಬ್ರೌನ್ ಬಟರ್. ಇಡೀ ಊಟದಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದು. ಮನೆಯಲ್ಲಿ ಬೆಣ್ಣೆ ಕಾಸಿದವರಿಗೆ ಬೇಗ ಒಗ್ಗುತ್ತದೆ. ಉಪ್ಪಿಲ್ಲದ ಬೆಣ್ಣೆ ಒಂದು ಸ್ಟಿಕ್, ಅಂದರೆ 113 ಗ್ರಾಂ, ತಳ ಕಾಣುವ ಬಿಳಿ ಬಾಣಲೆಯಲ್ಲಿ ಹಾಕಿ. ಮೊದಲು ಚಟಪಟ ಅನ್ನುತ್ತದೆ, ನೊರೆ ಏಳುತ್ತದೆ. ನೀರು ಆರುತ್ತಾ ಬಂದ ಹಾಗೆ ಸದ್ದು ಕಡಿಮೆಯಾಗುತ್ತದೆ. ತುಪ್ಪಕ್ಕಾದರೆ ಈ ಹಂತದಲ್ಲಿ ವೀಳ್ಯದೆಲೆಯೋ ನುಗ್ಗೆಸೊಪ್ಪೋ ಹಾಕಿ ಇಳಿಸಿ ಸೋಸುತ್ತೇವೆ. ಬ್ರೌನ್ ಬಟರ್ ಸೋಸಬಾರದು. ತಳದ ಗಸಿ ಅಡಿಕೆ ಬಣ್ಣಕ್ಕೆ ತಿರುಗಿ ಘಮ್ಮನೆ ವಾಸನೆ ಬಂದ ತಕ್ಷಣ ಗಸಿ ಸಮೇತ ಆಲೂಗಡ್ಡೆ ಮೇಲೆ ಸುರಿಯಿರಿ. ಚಿಕ್ಕಂದಿನಲ್ಲಿ ಆ ಗಸಿಗೆ ಸಕ್ಕರೆ ಹಾಕಿ ತಿಂದವರಿಗೆ ಮುಂದೆ ಹೇಳುವುದೇನೂ ಇಲ್ಲ. ಬಾಣಲೆಯಲ್ಲೇ ಬಿಟ್ಟರೆ ಇನ್ನೊಂದು ಅರ್ಧ ನಿಮಿಷಕ್ಕೆ ಕಪ್ಪಾಗಿ ಕಹಿಯಾಗುತ್ತದೆ, ಹಾಗಾಗಿ ಈ ಹೊತ್ತಲ್ಲಿ ಫೋನ್ ತೆಗೆಯಬೇಡಿ. ಬಾಟ್ ಬಾಯ್ ಬೇಡ ಅನ್ನುವ ದಿನ ಇದೇ ಬೆಣ್ಣೆಯನ್ನು ಬೆಂದ ಅಗಲ ನೂಡಲ್ಸ್‌ಗೆ ಸುರಿದರೆ ಅದೇ ಒಂದು ಊಟ. ಎರಡನ್ನೂ ಒಂದೇ ರಾತ್ರಿ ಮಾಡಿದರೆ ಹಿಟ್ಟೇ ಹಿಟ್ಟು.

ಸಿಹಿಗೆ ಶೂಫ್ಲೈ ಪೈ, ಅಂದರೆ ಮೊಲಾಸಿಸ್ ಪೈ. ಒಂದೂವರೆ ಕಪ್ ಮೈದಾ, ಅರ್ಧ ಕಪ್ ಬ್ರೌನ್ ಶುಗರ್, ಅರ್ಧ ಸ್ಟಿಕ್ ತಣ್ಣನೆಯ ಬೆಣ್ಣೆ ಉಜ್ಜಿ ಪುಡಿ ಮಾಡಿ. ಮುಕ್ಕಾಲು ಕಪ್ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ, ಆಮೇಲೆ ಒಂದು ಕಪ್ ಮೊಲಾಸಿಸ್. ಬುಸ್ ಅಂತ ನೊರೆ ಉಕ್ಕುತ್ತದೆ, ಪಾತ್ರೆ ದೊಡ್ಡದಿರಲಿ. ಆರಿದ ಮೇಲೆ ಒಂದು ಮೊಟ್ಟೆ ಕಲಕಿ ಸೇರಿಸಿ. ಒಂಬತ್ತು ಅಂಗುಲದ ಕ್ರಸ್ಟ್‌ಗೆ, ಅಂದರೆ ಪೈನ ಹೊರಗಿನ ಹಿಟ್ಟಿನ ಬಟ್ಟಲಿಗೆ ಇದನ್ನು ಹೊಯ್ದು, ಮೇಲೆ ಪುಡಿ ಉದುರಿಸಿ, 400 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಹದಿನೈದು ನಿಮಿಷ, ಆಮೇಲೆ 350ಕ್ಕೆ ಇಳಿಸಿ ಅರ್ಧ ಗಂಟೆ. ಅಂಗಡಿ ಕ್ರಸ್ಟ್ ತರುವುದಾದರೆ ಲೇಬಲ್‌ನಲ್ಲಿ ಲಾರ್ಡ್ ನೋಡಿ. ಬ್ಲ್ಯಾಕ್‌ಸ್ಟ್ರಾಪ್ ಅಂತ ಬರೆದ ಮೊಲಾಸಿಸ್ ತರಬೇಡಿ, ಬಾಯಿಗೆ ಇಡಲಾಗದಷ್ಟು ಕಹಿ. ಇಂಡಿಯನ್ ಗ್ರೋಸರಿಯಲ್ಲಿ ಜೋನಿ ಬೆಲ್ಲ ಸಿಕ್ಕರೆ ಅರ್ಧ ಅದು, ಅರ್ಧ ಮೊಲಾಸಿಸ್ ಹಾಕಿ ನೋಡಿ. ಇಲ್ಲಿಯವರು ಒಪ್ಪುತ್ತಾರೋ ಇಲ್ಲವೋ, ನನಗಂತೂ ಅದೇ ಹೆಚ್ಚು ರುಚಿ.

ಯಾರಾದರೂ ಆಮಿಶ್ ಮನೆಗೆ ಊಟಕ್ಕೆ ಕರೆದರೆ ಒಂದು ನೆನಪಿಡಿ. ಊಟಕ್ಕೆ ಮುಂಚೆ ತಲೆ ಬಗ್ಗಿಸಿ ಮೌನವಾಗಿ ಪ್ರಾರ್ಥನೆ ಮಾಡುತ್ತಾರೆ, ಊಟ ಆದ ಮೇಲೂ ಇನ್ನೊಮ್ಮೆ. ಎರಡನೆಯದು ಆಗುವ ತನಕ ಎದ್ದು ಕೈ ತೊಳೆಯಲು ಓಡಬೇಡಿ. ಕೊಯ್ಲು ಮುಗಿದ ಮೇಲೆ, ನವೆಂಬರ್ ಹೊತ್ತಿಗೆ, ಮದುವೆಗಳ ಕಾಲ. ಹೆಚ್ಚಾಗಿ ಮಂಗಳವಾರ, ಗುರುವಾರ ನಡೆಯುತ್ತವೆ. ಕೋಳಿ ಮತ್ತು ಬ್ರೆಡ್ ಸೇರಿಸಿ ಬೇಯಿಸಿದ ರೋಸ್ಟ್, ಕ್ರೀಮ್ ಹಾಕಿದ ಸೆಲರಿ ಆ ಊಟದಲ್ಲಿ ಇರಲೇಬೇಕು.

ಬಾಟ್ ಬಾಯ್ ಉಳಿದರೆ ಮರುದಿನ ಗಟ್ಟಿ ಮುದ್ದೆಯಾಗಿರುತ್ತದೆ. ನೀರು ಅಥವಾ ಸಾರು ಸೇರಿಸಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ. ಫ್ರೀಜ್ ಮಾಡಬೇಡಿ, ಚೌಕಗಳು ಪುಡಿಯಾಗುತ್ತವೆ. ಮುಂದಿನ ಸಲಕ್ಕೆ ಬೇಕಾದರೆ ಸಾರನ್ನು ಮಾತ್ರ ಬೇರೆ ಡಬ್ಬಿಯಲ್ಲಿ ಫ್ರೀಜ್ ಮಾಡಿಟ್ಟು, ಹಿಟ್ಟು ಅವತ್ತೇ ಕಲಸಿ. ಪೈ ಉಳಿದರೆ ಬೆಳಿಗ್ಗೆ ಕಾಫಿ ಜೊತೆ ತಿನ್ನಿ. ಇಲ್ಲಿಯ ಹಳಬರು ಅದನ್ನು ತಿನ್ನುತ್ತಿದ್ದದ್ದೂ ಬೆಳಗಿನ ತಿಂಡಿಗೇ.