ನಮ್ಮ ಗಲ್ಲಿಯ ವೋಟು ಎತ್ತ ಬಿತ್ತು? ಬೂತ್ ಲೆಕ್ಕ ನೀವೇ ತೆಗೆಯಿರಿ

"ನಮ್ ಗಲ್ಲ್ಯಾಗ ಎಲ್ಲಾ ಒಂದ ಪಾರ್ಟಿ ನೋಡ್ರಿ." ಬೆಳಗಾವಿಯ ಯಾವ ಚಾ ಅಂಗಡಿಯಲ್ಲಿ ಕೂತರೂ ಈ ಮಾತು ಕಿವಿಗೆ ಬೀಳುತ್ತದೆ. ಪಕ್ಕದ ಮನೆಯ ಕಾಕಾ ಹೀಗೇ ಅಂದಾಗ ಅವರ ಬೂತಿನ ಲೆಕ್ಕ ತೆಗೆದು ಮುಂದಿಟ್ಟೆ. ಕನ್ನಡಕ ಏರಿಸಿ ಎರಡೆರಡು ಸಲ ನೋಡಿದರು. ನೂರಕ್ಕೆ ಮೂವತ್ತೈದು ವೋಟು ಬೇರೆ ಕಡೆ ಬಿದ್ದಿತ್ತು. "ಯಾರ್ ರೀ ಇವ್ರು?" ಅಂದರು. ಅದನ್ನು ಮಾತ್ರ ಯಾವ ಕಾಗದವೂ ಹೇಳುವುದಿಲ್ಲ.

ಉಳಿದದ್ದನ್ನು ಮನೆಯಲ್ಲೇ ಕೂತು ಹುಡುಕಬಹುದು. ಒಂದು ಮೊಬೈಲ್, ಒಂದು ಅಡಿಪಟ್ಟಿ, ಒಂದು ಪೆನ್ಸಿಲ್ ಸಾಕು.

1. ಯಾವ ಚುನಾವಣೆ ಅಂತ ಮೊದಲು ಗೊತ್ತು ಮಾಡಿಕೊಳ್ಳಿ

ಎಡವುವುದು ಇಲ್ಲೇ ಜಾಸ್ತಿ. 2021ರ ಏಪ್ರಿಲ್‌ನ ಲೋಕಸಭಾ ಉಪಚುನಾವಣೆಯಲ್ಲಿ ಬಿಜೆಪಿ ಗೆದ್ದದ್ದು ಬರೀ 5,240 ವೋಟಿನಿಂದ. ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕು ಅನ್ನುವ ಎಂಇಎಸ್ (ಮಹಾರಾಷ್ಟ್ರ ಏಕೀಕರಣ ಸಮಿತಿ) ಬೆಂಬಲದ ಅಭ್ಯರ್ಥಿ 1.17 ಲಕ್ಷ ವೋಟು ಎಳೆದಿದ್ದರು. ಐದು ತಿಂಗಳೂ ಕಳೆದಿರಲಿಲ್ಲ, ಸೆಪ್ಟೆಂಬರ್‌ನಲ್ಲಿ ಮಹಾನಗರ ಪಾಲಿಕೆಯ 58 ವಾರ್ಡ್‌ಗಳಲ್ಲಿ ಬಿಜೆಪಿ 35 ಗೆದ್ದಿತು. ಎಂಇಎಸ್‌ಗೆ ಸಿಕ್ಕಿದ್ದು ಬೆರಳೆಣಿಕೆಯಷ್ಟು. 2023ರ ವಿಧಾನಸಭೆಗೆ ಬಂದರೆ ಬೆಳಗಾವಿ ಉತ್ತರದಲ್ಲಿ ಕಾಂಗ್ರೆಸ್‌ನ ಆಸಿಫ್ ಸೇಠ್, ದಕ್ಷಿಣದಲ್ಲಿ ಬಿಜೆಪಿಯ ಅಭಯ ಪಾಟೀಲ. ಹಾಗಾದರೆ ಊರು ಯಾರದ್ದು? ಒಂದೇ ಫಲಿತಾಂಶ ಹಿಡಿದುಕೊಂಡು ಹೇಳಲಾಗದು.

ಇನ್ನೊಂದು ಮಾತು. ಲೋಕಸಭಾ ಕ್ಷೇತ್ರ ಅಂದರೆ ಊರಷ್ಟೇ ಅಲ್ಲ. ಗೋಕಾಕ, ಸವದತ್ತಿ, ರಾಮದುರ್ಗ, ಬೈಲಹೊಂಗಲ ಎಲ್ಲ ಅದರೊಳಗೇ ಇವೆ. ಪುಣ್ಯಕ್ಕೆ ಲೋಕಸಭೆಯ ಎಣಿಕೆ ಪಟ್ಟಿಯೂ ವಿಧಾನಸಭಾ ಕ್ಷೇತ್ರವಾರು ಸಿಗುತ್ತದೆ. ಉತ್ತರದ 11, ದಕ್ಷಿಣದ 12 ನಂಬರಿನ ಹಾಳೆ ಮಾತ್ರ ತೆಗೆದುಕೊಳ್ಳಿ.

2. ಫಾರ್ಮ್ 20 ಇಳಿಸಿಕೊಳ್ಳಿ

ಬೂತ್‌ವಾರು ವೋಟಿನ ಪಟ್ಟಿಗೆ ಫಾರ್ಮ್ 20 ಅನ್ನುತ್ತಾರೆ. ಕರ್ನಾಟಕದ ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟ್‌ನಲ್ಲಿ ಹುಡುಕಿ. ಅಡ್ಡ ಸಾಲಿಗೊಂದು ಬೂತ್, ಉದ್ದ ಸಾಲಿಗೊಬ್ಬ ಅಭ್ಯರ್ಥಿ, ಕೊನೆಗೆ ನೋಟಾ ಮತ್ತು ಒಟ್ಟು. ಸ್ಕ್ಯಾನ್ ಮಾಡಿದ ಹಾಳೆಯಾದರೆ ಕಣ್ಣು ಒಂದು ಸಾಲಿನಿಂದ ಇನ್ನೊಂದಕ್ಕೆ ಜಾರುತ್ತದೆ. ಅಡಿಪಟ್ಟಿ ಬೇಕಾಗುವುದು ಇದಕ್ಕೇ. 1996ರ ಲೋಕಸಭೆಗೆ ಇದೇ ಬೆಳಗಾವಿಯಲ್ಲಿ 456 ಜನ ನಿಂತಿದ್ದರು! ಆ ಹಾಳೆಗಾದರೆ ಅಡಿಪಟ್ಟಿ ಎಲ್ಲಿ ಸಾಕಾಗಬೇಕು?

ಪಕ್ಷೇತರರನ್ನು ಸುಮ್ನೆ ಹಾರಿಸಿಬಿಡಬೇಡಿ. ಬೇರೆ ಊರಲ್ಲಿ ನಡೆದೀತು, ಇಲ್ಲಿ ನಡೆಯದು. ಎಂಇಎಸ್ ಬೆಂಬಲದಿಂದ ನಿಂತವರು ಕಾಗದದ ಮೇಲೆ ಪಕ್ಷೇತರರು. ದಕ್ಷಿಣದಲ್ಲಿ 2013ರಲ್ಲಿ ಗೆದ್ದವರೂ, 2023ರಲ್ಲಿ ಎರಡನೇ ಸ್ಥಾನಕ್ಕೆ ಬಂದವರೂ ಹಾಗೇ ನಿಂತವರು. ಪಕ್ಷದ ಹೆಸರು ನೋಡಿ ಲೆಕ್ಕ ಹಾಕಿದರೆ ಮರಾಠಿ ಗಲ್ಲಿಗಳ ಅರ್ಧ ಕಥೆ ಕೈತಪ್ಪುತ್ತದೆ. ಅಭ್ಯರ್ಥಿಯ ಹೆಸರು ಹಿಡಿದೇ ಹುಡುಕಿ.

3. ಬೂತನ್ನು ಗಲ್ಲಿಗೆ ಜೋಡಿಸಿ

ಫಾರ್ಮ್ 20ರಲ್ಲಿ ಇರುವುದು ಬೂತ್ ನಂಬರ್ ಮಾತ್ರ. ಅದು ಶಹಾಪುರದ ನೇಕಾರರ ಓಣಿಯೋ, ಟಿಳಕವಾಡಿಯ ಅಪಾರ್ಟ್‌ಮೆಂಟೋ ಅಂತ ತಿಳಿಯಬೇಕಾದರೆ ಮತಗಟ್ಟೆ ಪಟ್ಟಿ ನೋಡಬೇಕು. ಆ ವರ್ಷದ್ದೇ ಪಟ್ಟಿ ಬೇಕು, ನೆನಪಿರಲಿ. ಮತದಾರರು ಹೆಚ್ಚಾದರೆ ಬೂತ್ ಒಡೆಯುತ್ತಾರೆ, ನಂಬರ್ ಸರಿಯುತ್ತದೆ.

ಪಾಲಿಕೆ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಅದರ ಬೂತ್ ಲೆಕ್ಕವೇ ಬೇರೆ. ಕ್ಯಾಂಪ್ ಭಾಗವಂತೂ ಕಂಟೋನ್ಮೆಂಟ್ (ಸೇನೆಯ ದಂಡು ಪ್ರದೇಶ), ಅಲ್ಲಿಯವರು ವಿಧಾನಸಭೆಗೆ ವೋಟು ಹಾಕುತ್ತಾರೆ, ಪಾಲಿಕೆಗೆ ಇಲ್ಲ. ಇದು ತಿಳಿಯದೆ ನಾನು ಒಂದು ಸಂಜೆ ಪೂರ್ತಿ ಕ್ಯಾಂಪಿನ ವಾರ್ಡ್ ನಂಬರ್ ಹುಡುಕಿದ್ದೆ.

4. ಗೆದ್ದವರನ್ನಲ್ಲ, ಪಾಲನ್ನು ನೋಡಿ

ಒಂದು ಬೂತಿನಲ್ಲಿ 800 ವೋಟು ಬಿದ್ದಿದೆ ಅಂದುಕೊಳ್ಳಿ. ಒಬ್ಬರಿಗೆ 360, ಇನ್ನೊಬ್ಬರಿಗೆ 300, ಮೂರನೆಯವರಿಗೆ 140. ಲೀಡ್ 60. ಆದರೆ ಗೆದ್ದವರ ಪಾಲು ನೂರಕ್ಕೆ 45 ಅಷ್ಟೇ. ಮೂರನೆಯವರು ಮುಂದಿನ ಸಲ ನಿಲ್ಲದಿದ್ದರೆ ಆ 140 ಎತ್ತ ಹೋಗುತ್ತದೆ? ಪಾರ್ಟಿಯವರು ರಾತ್ರಿ ಕೂತು ಲೆಕ್ಕ ಹಾಕುವುದು ಇದನ್ನೇ. ಬೂತಿನ ಒಟ್ಟು ಮತದಾರರನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಒಮ್ಮೊಮ್ಮೆ ವೋಟು ಪಕ್ಷ ಬದಲಿಸಿರುವುದಿಲ್ಲ, ಮನೆಯಲ್ಲೇ ಕೂತಿರುತ್ತದೆ.

5. ಹೆಸರು ನೋಡಿ ವೋಟನ್ನು ಜಾತಿ, ಭಾಷೆಯ ಲೆಕ್ಕಕ್ಕೆ ಹಾಕಬೇಡಿ

ಲಿಂಗಾಯತರು ಇತ್ತ, ಮರಾಠರು ಅತ್ತ, ಮುಸ್ಲಿಮರು ಒಟ್ಟಾಗಿ ಅಂತ ಹೇಳುವುದು ಸುಲಭ. ಆದರೆ ಹಾಳೆಯಲ್ಲಿರುವುದು ಬೂತಿನ ಮೊತ್ತ. ಯಾವ ಮನೆಯವರು ಯಾರಿಗೆ ಹಾಕಿದರು ಅನ್ನುವುದು ಅದರಲ್ಲಿಲ್ಲ. ಒಂದೇ ಗಲ್ಲಿಯ ಮರಾಠಿ ಮನೆ ಲೋಕಸಭೆಗೆ ಒಂದು ಗುಂಡಿ, ವಿಧಾನಸಭೆಗೆ ಇನ್ನೊಂದು ಗುಂಡಿ ಒತ್ತಬಹುದು. ಕನಿಷ್ಠ ಮೂರು ಚುನಾವಣೆಯ ಅಂಕಿ ಒಂದೇ ಹಾಳೆಯಲ್ಲಿ ಇಟ್ಟು ನೋಡಿದ ಮೇಲೆಯೇ ಬಾಯಿ ತೆರೆಯುವುದು ಒಳ್ಳೆಯದು.

ಕಾಕಾ ಈಗ ವಡಗಾವಿಯ ಬೀಗರ ಬೂತ್ ನಂಬರ್ ಚೀಟಿಯಲ್ಲಿ ಬರೆದುಕೊಂಡು ಬಂದಿದ್ದಾರೆ. "ಅವರ ಓಣಿನೂ ಒಂದ್ ಸಲ ತಗೀರಿ" ಅಂತ.