ವಿಭೂತಿ ಬುಧವಾರಕ್ಕೆ ಮುಂಚಿನ ವಾರ

ಪಾಸ್ಖ, ಅಂದರೆ ಈಸ್ಟರ್ ಹಬ್ಬಕ್ಕೆ ಮುಂಚಿನ 40 ದಿನಗಳ ಉಪವಾಸ-ಪ್ರಾರ್ಥನೆಯ ಕಾಲವೇ ತಪಸ್ಸುಕಾಲ; ಅದು ವಿಭೂತಿ ಬುಧವಾರ ಶುರುವಾಗುತ್ತದೆ. ಅದರ ಸಿದ್ಧತೆಯನ್ನು ನಾನು ಆ ದಿನಕ್ಕೆ ಉಳಿಸಿಕೊಳ್ಳುವುದಿಲ್ಲ. ಅಂದು ಕಚೇರಿ ಮುಗಿಸಿ, ಸಂಜೆಯ ಪೂಜೆಯಲ್ಲಿ ಹಣೆಗೆ ಬೂದಿ ಹಚ್ಚಿಸಿಕೊಂಡು ಬರುವಷ್ಟರಲ್ಲಿ ಮೊದಲ ದಿನವೇ ಕಳೆದಿರುತ್ತದೆ. ಹಾಗಾಗಿ ಹಿಂದಿನ ವಾರವೇ ತೊಡಗುತ್ತೇನೆ. ಕಳೆದ ವರ್ಷ ಪಾಸ್ಖದ ಹಿಂದಿನ ಭಾನುವಾರ, ಅಂದರೆ ಗರಿಗಳ ಭಾನುವಾರ, ತಂದು ಶಿಲುಬೆಯ ಹಿಂದೆ ಸಿಕ್ಕಿಸಿಟ್ಟ ಒಣಗರಿಯನ್ನು ಚರ್ಚಿಗೆ ಒಪ್ಪಿಸುತ್ತೇನೆ. ಅಂಥ ಗರಿಗಳನ್ನು ಸುಟ್ಟೇ ಬೂದಿ ಮಾಡುತ್ತಾರೆ. ಹೊಸನ್ನ ಎಂಬ ಜಯಘೋಷ ಹಾಡುತ್ತಾ ಹಿಡಿದ ಗರಿಯೇ ಮರುವರ್ಷ ಹಣೆಯ ಮೇಲಿನ ಧೂಳಾಗುತ್ತದೆ.

ಆ ವಾರ ರಾತ್ರಿ ಬೈಬಲಿನ ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯ ಓದುತ್ತೇನೆ. ದಾನ, ಪ್ರಾರ್ಥನೆ, ಉಪವಾಸ ಮೂರನ್ನೂ ಮರೆಯಲ್ಲಿ ಮಾಡು ಎನ್ನುವ ಭಾಗವದು. ಬುಧವಾರದ ಪೂಜೆಯಲ್ಲೂ ಅದನ್ನೇ ಓದುತ್ತಾರೆ. ಆಮೇಲೆ ಒಂದು ಚೀಟಿಯಲ್ಲಿ ಮೂರಕ್ಕೂ ಒಂದೊಂದು ಸಾಲು ಬರೆಯುತ್ತೇನೆ. ಹೆಚ್ಚು ಬರೆದರೆ ಎರಡನೇ ವಾರಕ್ಕೆ ಎಲ್ಲವೂ ಸಡಿಲವಾಗುತ್ತದೆ.

ಉಪವಾಸದ ವಿಷಯದಲ್ಲಿ ಕಥೋಲಿಕ ಧರ್ಮಸಭೆಯ ನಿಯಮ ಬಹಳ ಹಗುರ. 18ರಿಂದ 59 ವರ್ಷದವರು ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಒಂದೇ ಪೂರ್ಣ ಊಟ ಮಾಡಬೇಕು, ಜೊತೆಗೆ ಎರಡು ಸಣ್ಣ ಫಲಾಹಾರಗಳಿಗೆ ಅಡ್ಡಿಯಿಲ್ಲ. 14 ದಾಟಿದವರು ಆ ದಿನಗಳಲ್ಲೂ ಈ ಕಾಲದ ಶುಕ್ರವಾರಗಳಲ್ಲೂ ಮಾಂಸ ಮುಟ್ಟುವಂತಿಲ್ಲ. ಮೀನಿಗೆ ಮಾತ್ರ ನಿಷೇಧವಿಲ್ಲ! ಕರಾವಳಿಯವರಾದ ನಾವು ಕೋಳಿ ಬಿಟ್ಟು ಕಾಣೆ ಮೀನು ಹುರಿದು ತಿಂದು ತ್ಯಾಗ ಮಾಡಿದೆವೆನ್ನುವುದು ನನಗೆ ನಗು ತರಿಸುತ್ತದೆ. ನಾನು ಬಿಡುವುದು ಮೀನನ್ನೇ. ಮಾರುಕಟ್ಟೆಯಲ್ಲಿ ಉಳಿದ ಹಣವನ್ನು ಅಂದೇ ಡಬ್ಬಿಗೆ ಹಾಕುತ್ತೇನೆ, ಅದು ಯಾರಿಗೆ ಹೋಗಬೇಕೆಂಬುದು ಚೀಟಿಯಲ್ಲಿ ಮೊದಲೇ ಇರುತ್ತದೆ. ಆ ಹಣದಲ್ಲಿ ಪಾಸ್ಖ ಹಬ್ಬಕ್ಕೆ ಹೊಸ ಅಂಗಿ ಕೊಂಡರೆ ಅದು ಉಪವಾಸವಲ್ಲ, ಉಳಿತಾಯ ಯೋಜನೆ. ಬೂದಿ ಹಚ್ಚಿಸಿಕೊಂಡ ಮೊದಲ ಶುಕ್ರವಾರವೇ ಬೈಬಲಿನ ಯೆಶಾಯ ಪ್ರವಾದಿಯ ಗ್ರಂಥದ 58ನೇ ಅಧ್ಯಾಯ ಓದಿಸುತ್ತಾರೆ. ಹಸಿದವನೊಂದಿಗೆ ಅನ್ನ ಹಂಚಿಕೊಳ್ಳದ ಉಪವಾಸವನ್ನು ದೇವರು ಕೇಳಲೇ ಇಲ್ಲ ಎನ್ನುತ್ತಾನೆ ಪ್ರವಾದಿ.

ಪ್ರಾರ್ಥನೆಗೆ ಶಿಲುಬೆ ಹಾದಿ, ಅಂದರೆ ಯೇಸುವಿನ ಯಾತನೆಯನ್ನು ಒಂದೊಂದೇ ಚಿತ್ರದ ಮುಂದೆ ನಿಂತು ಧ್ಯಾನಿಸುವ ಪ್ರಾರ್ಥನೆ, ಸಾಕು. ಶುಕ್ರವಾರ ಚರ್ಚಿನಲ್ಲಿ 14 ಸ್ಥಳಗಳನ್ನೂ ಒಟ್ಟಿಗೆ ಮುಗಿಸುತ್ತೇವೆ; ಮನೆಯಲ್ಲಿ ರಾತ್ರಿಗೆ ಒಂದೇ ಸ್ಥಳದ ಮುಂದೆ ನಿಲ್ಲುತ್ತೇನೆ. ಆಗ ಮೊಬೈಲ್ ಬೇರೆ ಕೋಣೆಯಲ್ಲಿರುತ್ತದೆ.

ಗುರುಗಳ ಮುಂದೆ ತಪ್ಪೊಪ್ಪಿಕೊಳ್ಳುವ ಪಾಪನಿವೇದನೆಯನ್ನು ಪಾಸ್ಖದ ಹಿಂದಿನ ಪವಿತ್ರ ವಾರದ ಉದ್ದ ಸಾಲಿಗೆ ಬಿಡದೆ ಈಗಲೇ ಮಾಡುತ್ತೇನೆ. ಗುರುಗಳಿಗೂ ಕೂತು ಕೇಳುವ ವ್ಯವಧಾನವಿರುತ್ತದೆ. ಅದಕ್ಕೂ ಮುಂಚೆ, ಮಾತು ಬಿಟ್ಟವರೊಡನೆ ಮಾತಾಡಬೇಕು. ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಸಹೋದರನೊಡನೆ ರಾಜಿಯಾಗು ಎಂದಿದ್ದಾರೆ ಯೇಸು. ಮೀನು ಬಿಡುವುದು ಇದರ ಮುಂದೆ ಏನೂ ಅಲ್ಲ. ಒಮ್ಮೆ ದೊಡ್ಡಪ್ಪನ ಮಗನಿಗೂ ನನಗೂ ತೋಟದ ಬೇಲಿಯ ವಿಷಯಕ್ಕೆ ಮಾತು ನಿಂತಿತ್ತು. "ಅಣ್ಣಾ, ಹೇಗಿದ್ದೀರಿ?" ಎಂದು ಫೋನ್ ಮಾಡಿದೆ. ಬೇಲಿಯ ಮಾತು ಇಬ್ಬರೂ ಎತ್ತಲಿಲ್ಲ. ಬೇಲಿ ಇನ್ನೂ ಇದ್ದಲ್ಲೇ ಇದೆ, ಆದರೆ ಹಬ್ಬಕ್ಕೆ ಅವರು ಮನೆಗೆ ಬಂದರು.

ಭಾನುವಾರಗಳ ಬಗ್ಗೆ ಮನೆಯಲ್ಲಿ ಪ್ರತಿವರ್ಷ ಚರ್ಚೆ. ಬುಧವಾರದಿಂದ ಪಾಸ್ಖದ ಹಿಂದಿನ ದಿನದವರೆಗೆ 46 ದಿನ. ಪುನರುತ್ಥಾನದ ದಿನಗಳಾದ ಆರು ಭಾನುವಾರ ಕಳೆದರೆ 40. ಭಾನುವಾರ ಉಪವಾಸವಿಲ್ಲವೆಂಬುದು ನನ್ನ ವಾದ. ಹೆಂಡತಿ ನಕ್ಕು, ಬಂಗುಡೆಯನ್ನು ಮಾತ್ರ ನನ್ನ ತಟ್ಟೆಗೇ ಬಡಿಸುತ್ತಾಳೆ.